ಬುಧವಾರದ ಅಂಗಿ

ನಾನು ಆಟಗಾರನಲ್ಲ, ಅಂಗಿ ಒಗೆಯುವವನು.
ಈರೀ ಸರೋವರದ ದಡದಲ್ಲಿ, ಕ್ರೀಡಾಂಗಣದ ನೆಲಮಾಳಿಗೆಯಲ್ಲಿ
ಆರು ಯಂತ್ರ, ಇಪ್ಪತ್ತೆರಡು ವರ್ಷ, ಒಂದು ಹಳೇ ಟೀವಿ.
ಯಾವ ಬೆವರು ಯಾರದೆಂದು ಮೂಗೇ ಹೇಳಿಬಿಡುತ್ತದೆ.

ರಾಂಡೆಲ್ ಮೇಬ್ರಿ ಬಂದದ್ದು ಆಗಸ್ಟಿನಲ್ಲಿ,
ಮಿಸಿಸಿಪ್ಪಿಯಿಂದ, ಒಂದೇ ಒಂದು ಚೀಲ ಹಿಡಿದು.
ವೈಡ್ ರಿಸೀವರ್. ಅವನ ಅವ್ವ
ಮೀನಿನ ಕಾರ್ಖಾನೆಯಲ್ಲಿ ದಿನವಿಡೀ ಕ್ಯಾಟ್‌ಫಿಶ್ ಸೀಳುವವಳು.
"ಜಾರುವುದನ್ನು ಹಿಸುಕಬಾರದು ಸ್ಟ್ಯಾನ್," ಎಂದಿದ್ದ ಒಮ್ಮೆ,
ಸೋಪಿನ ತುಂಡನ್ನು ಅಂಗೈಯಲ್ಲಿ ಆಡಿಸುತ್ತ,
"ಬಾ ಅಂತ ಕರೆದು ಕೂರಿಸಿಕೊಳ್ಳಬೇಕು. ಅವ್ವನ ಮಾತು."

ಕೈ ಹಾಗೇ ಇತ್ತು. ಕಾಲು ಮಾತ್ರ
ಕಣ್ಣೆವೆಯಷ್ಟು ತಡ.
ಹೆಸರಿಲ್ಲದೆ ಉಳಿಯಲು ಈ ಕಸುಬಿನಲ್ಲಿ ಅಷ್ಟು ಸಾಕು.

ಹಾಗಾಗಿ ಅವನದು ಅಭ್ಯಾಸದ ಪಡೆ.
ಗೊತ್ತಿಲ್ಲದವರಿಗೆ ಹೇಳುತ್ತೇನೆ:
ಭಾನುವಾರ ಎದುರು ತಂಡದಲ್ಲಿ ಯಾರು ಹುಲಿಯೋ
ಬುಧವಾರ ಅವನ ಸಂಖ್ಯೆ ತೊಟ್ಟು
ನಮ್ಮವರ ಮುಂದೆ ಅವನ ಹಾಗೇ ಓಡಬೇಕು.
ನಮ್ಮವರು ತಡೆಯುವುದ ಕಲಿಯಬೇಕು,
ಕಲಿತಾದ ಮೇಲೆ ಇವನನ್ನು ಮರೆಯಬೇಕು.
ಅಪ್ಪಟ ಹಗಲುವೇಷ. ಹೊಟ್ಟೆಪಾಡು.

ಅಂಗಿ ಕೊಡುತ್ತಿದ್ದವನು ನಾನೇ.
ಒಂದು ವಾರ ಹದಿಮೂರು, ಒಂದು ವಾರ ಎಂಬತ್ತೆಂಟು.
ಅವನೋ ಬರೀ ಸಂಖ್ಯೆ ತೊಡುವವನಲ್ಲ,
ರಾತ್ರಿಯಿಡೀ ಹಳೆಯ ಆಟಗಳ ನೋಡಿ
ಹದಿಮೂರನೆಯವನು ತಿರುಗುವ ಮೊದಲು
ಎಡಭುಜ ಸುಳ್ಳು ಹೇಳುವುದನ್ನು ಕಂಡುಹಿಡಿದ.
ಕ್ಯಾನ್ಸಸ್‌ನ ಟೂಲಿ ಎಂಬವನು
ತೀರ ಆಳಕ್ಕೆ ಓಡುವುದಿದ್ದರೆ ಮಾತ್ರ, ಹೊರಡುವ ಮುನ್ನ,
ಎರಡು ಬಾರಿ ತೊಡೆಗೆ ಬೆರಳು ಒರೆಸುತ್ತಾನೆ.
ತರಬೇತುದಾರರ ಕಣ್ಣಿಗೂ ಬೀಳದ ಗುಟ್ಟು.
ಇವನು ಒರೆಸಿ ತೋರಿಸಿದ. ಭಾನುವಾರ ಗೆದ್ದೆವು.
ಸೋಮವಾರದ ಪತ್ರಿಕೆಯಲ್ಲಿ ಬೇರೆಯವರ ಚಿತ್ರ.

ಮೂರು ವರ್ಷ.
ಎರಡು ಸಲ ಕೀಲು ತಪ್ಪಿದ ಕಿರುಬೆರಳು
ಈಗ ಬೇರೆ ಯಾವುದೋ ಊರಿನ ದಾರಿ ತೋರಿಸುತ್ತದೆ.
ಏಳು ಸಲ ತೆಗೆದರು, ಏಳು ಸಲ ಕರೆದರು.
ಪ್ರತಿ ಸಲವೂ ಅದೇ ಚೀಲ.

ಡಿಸೆಂಬರಿನ ಒಂದೇ ವಾರದಲ್ಲಿ
ಒಬ್ಬನ ಮಂಡಿ, ಒಬ್ಬನ ಪಕ್ಕೆಲುಬು, ಇನ್ನೊಬ್ಬನಿಗೆ ಜ್ವರ.
ಶನಿವಾರ ರಾತ್ರಿ ಹೊಲಿಗೆ ಯಂತ್ರದ ಮುಂದೆ ಕೂತು
ಅಂಗಿಯ ಬೆನ್ನಿಗೆ ಅವನದೇ ಹೆಸರು ಹೊಲಿದೆ.
ಸಾಲು ಡೊಂಕಾಯಿತೆಂದು ಎರಡು ಸಲ ಬಿಚ್ಚಿದೆ.
ಅಕ್ಷರಗಳ ಮೇಲೆ ಕೈಯಾಡಿಸಿ ನೋಡಿ ಕೇಳಿದ:
"ಇವನು ಹೇಗೆ ಓಡುತ್ತಾನೆ ಸ್ಟ್ಯಾನ್?"
ನಕ್ಕೆವು. ಆಮೇಲೆ ನಗಲಿಲ್ಲ.

ಭಾನುವಾರ ಹಿಮ ಅಡ್ಡಡ್ಡ ಬೀಳುತ್ತಿತ್ತು.
ಚೆಂಡು ಗಾಳಿಗೆ ಸಿಕ್ಕಿ ಅವನ ಬೆನ್ನ ಹಿಂದಾಯಿತು.
ಮೈ ತಿರುವಿದ. ಹಿಸುಕಲಿಲ್ಲ.
ಬಾ ಎಂದು ಕರೆದು ಕೂರಿಸಿಕೊಂಡ.
ಹದಿನಾಲ್ಕು ಗಜ. ಅರವತ್ತು ಸಾವಿರ ಗಂಟಲು.
ಅಷ್ಟರಲ್ಲಿ ನೆಲದ ಮೇಲೊಂದು ಹಳದಿ ಬಟ್ಟೆ:
ಎಲ್ಲೋ ಆಚೆ ನಮ್ಮವನೇ ಒಬ್ಬ
ಎದುರಾಳಿಯ ತೋಳು ಜಗ್ಗಿದ್ದನಂತೆ.
ಹಿಡಿದದ್ದು ಹಿಡಿದದ್ದಲ್ಲ, ಮತ್ತೆ ಮೊದಲಿಂದ.
ದಾಖಲೆಯ ಪುಸ್ತಕದಲ್ಲಿ ಅವನ ಹೆಸರಿನೆದುರು
ಒಂದು ಸೊನ್ನೆ ಇದೆ, ದುಂಡಗೆ.

ಪುರಾವೆ ಇದ್ದದ್ದು ನನ್ನ ಬುಟ್ಟಿಯಲ್ಲಿ:
ಮೊಣಕೈ ಬಳಿ ಹುಲ್ಲಿನ ಹಸಿರು ಕಲೆ, ಹೆಬ್ಬೆರಳಗಲ.
ಒಗೆಯದೆ ಎತ್ತಿಟ್ಟುಕೊಂಡೆ ಎಂದರೆ ಕಥೆ ಚೆನ್ನಾಗಿರುತ್ತದೆ.
ಒಗೆದೆ. ಹೋಗಲಿಲ್ಲವೆಂದು ಇನ್ನೊಮ್ಮೆ ಒಗೆದೆ.
ಅದು ನನ್ನ ಕೆಲಸ.

ಮಂಗಳವಾರ ಎಂಟನೆಯ ಸಲ ತೆಗೆದರು.
ಆಮೇಲೆ ಯಾರೂ ಕರೆಯಲಿಲ್ಲ.
ಈಗ ಬೆಲ್ಜೋನಿಯಲ್ಲಿ ಲಾರಿ ಓಡಿಸುತ್ತಾನಂತೆ, ಐಸಿನ ಮೇಲೆ ಮೀನು.
ಅವ್ವನ ಬೆರಳು ಮಡಚುವುದಿಲ್ಲವಂತೆ,
ಉಪ್ಪಿನಕಾಯಿ ಶೀಶೆಯ ಮುಚ್ಚಳ ತಿರುವುವವನು ಇವನೇ,
ಆ ಡೊಂಕು ಬೆರಳಲ್ಲಿ.

ಮೊನ್ನೆ ಟೀವಿಯಲ್ಲಿ ಟೂಲಿ ಕಾಣಿಸಿದ.
ಗಡ್ಡ ನೆರೆಯುತ್ತಿದೆ, ಆಟ ಇನ್ನೂ ಇದೆ.
ಗೆರೆಯ ಬಳಿ ನಿಂತು
ಎರಡು ಬಾರಿ ತೊಡೆಗೆ ಬೆರಳು ಒರೆಸಿದ.
ಕೈಯಲ್ಲಿದ್ದ ಒದ್ದೆ ಕಾಲುಚೀಲ ಹಾಗೇ ಹಿಡಿದುಕೊಂಡು
ಆರು ಯಂತ್ರಗಳ ಸದ್ದಿನ ಮೇಲೆ ಕೂಗಿಯೇಬಿಟ್ಟೆ:
ಥೇಟ್ ನಮ್ಮ ಮೇಬ್ರಿ!
ಕಾಲು ಮಾತ್ರ ಸ್ವಲ್ಪ ಅವಸರ.